ಬಿರಡೆಗೆ ಇಟ್ಟ ಕುಂಕುಮ

ಪಾದರಸದ ಮಟ್ಟ ನೋಡಿ ನೋಡಿ ದೇವರಾಜುವಿನ ಕಣ್ಣು ಉರಿಯುತ್ತಿತ್ತು. ಆಯುಧಪೂಜೆ ಕಳೆದು ಐದು ದಿನವಾದರೂ ಪ್ರಯೋಗಾಲಯದ ಗಾಜಿನ ಕೊಳವೆಗಳಲ್ಲಿ ನಿರ್ವಾತ ನಿಲ್ಲುತ್ತಿರಲಿಲ್ಲ. ಪಂಪು ಗಾಳಿಯನ್ನೆಲ್ಲ ಎಳೆದುಹಾಕುತ್ತಿತ್ತು. ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಎಲ್ಲಿಂದಲೋ ಮತ್ತೆ ನುಸುಳಿಬಿಡುತ್ತಿತ್ತು.

ವರುಣದ ಕಡೆಯ ಒಕ್ಕಲು ಮನೆಯಿಂದ ಬಂದು, ೧೯೫೮ರಲ್ಲಿ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ನಿಂತವನು ಅವನು. ಪುಸ್ತಕದ ಭೌತಶಾಸ್ತ್ರವೆಂದರೆ ನೀರು ಕುಡಿದಷ್ಟು ಸಲೀಸು. ಕೈಗೆಲಸ ಮಾತ್ರ ಸೊನ್ನೆ. ಅದನ್ನು ಕಲಿಸುತ್ತಿದ್ದವನು ಗಾಜು ಊದುವ ನಿಂಗಯ್ಯ. ಓದಿದ್ದು ನಾಲ್ಕನೇ ಕ್ಲಾಸು; ಆದರೆ ಉರಿಯ ಮುಂದೆ ಅವನು ಗಾಜು ತಿರುಗಿಸತೊಡಗಿದರೆ ಪ್ರೊಫೆಸರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅದೇ ಪ್ರೊಫೆಸರ್ ಕೃಷ್ಣಪ್ಪನವರು ಈಗ ದೋಷವೆಲ್ಲ ನಿಂಗಯ್ಯನ ಹೊಸ ಬೆಸುಗೆಯದೇ ಎಂದು ತೀರ್ಮಾನಿಸಿದ್ದರು. ವಯಸ್ಸಾಯಿತು, ಕೈ ನಡುಗುತ್ತಿದೆ, ಶನಿವಾರ ಮಧ್ಯಾಹ್ನದೊಳಗೆ ಸರಿಯಾಗದಿದ್ದರೆ ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕುತ್ತೇನೆ ಎಂದುಬಿಟ್ಟಿದ್ದರು. ಇವತ್ತೇ ಶನಿವಾರ, ಗಂಟೆ ಹನ್ನೊಂದು. ನಿಂಗಯ್ಯ ಮೂರು ಸಲ ಬೆಸುಗೆ ಬಿಚ್ಚಿ ಮತ್ತೆ ಹಾಕಿಯಾಗಿತ್ತು. ಈಗ ತನ್ನ ಕೈಗಳನ್ನೇ ಅನುಮಾನದಿಂದ ನೋಡಿಕೊಳ್ಳುತ್ತಾ ಕೂತಿದ್ದ.

ದೇವರಾಜು ಮತ್ತೆ ಮೊದಲಿನಿಂದ ಹುಡುಕಿದ. ಕುಂಚದಿಂದ ಸ್ಪಿರಿಟ್ ಸವರುವುದು, ಪಾದರಸ ಅಲುಗಿತೇ ಎಂದು ನೋಡುವುದು (ಅಲುಗಿದರೆ ಸೋರಿಕೆ ಅಲ್ಲೇ), ಇಲ್ಲದಿದ್ದರೆ ಮುಂದಿನ ಬೆಸುಗೆಗೆ ಹೋಗುವುದು. ಬೆಸುಗೆಗಳೆಲ್ಲ ಗಟ್ಟಿಯಾಗಿದ್ದವು. ಉಳಿದದ್ದು ಕೊಳವೆಗಳನ್ನು ಕೂರಿಸಿದ್ದ ಹಲಗೆಯ ಹಿಂದಿನ ಗಾಜಿನ ಕೊಳಾಯಿ ಒಂದೇ. ಹಬ್ಬದ ದಿನವಷ್ಟೇ ಅದನ್ನು ತಿರುಗಿಸುವ ಬಿರಡೆ ತೊಳೆದು, ಗಾಳಿ ನುಸುಳದಂತೆ ಗ್ರೀಸು ಹಚ್ಚಿದ್ದರಿಂದ ಯಾರೂ ಅತ್ತ ನೋಡಿರಲಿಲ್ಲ. ಟಾರ್ಚು ಹಿಡಿದು ಬಗ್ಗಿದ. ಗ್ರೀಸಿನೊಳಗೆ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು.

ಅದು ಕುಂಕುಮ. ಪ್ರತಿವರ್ಷ ನಿಂಗಯ್ಯ ಮೇಜಿನ ಕಾಲಿಗಷ್ಟೇ ಕುಂಕುಮ ಇಟ್ಟು ಕೈಮುಗಿಯುತ್ತಿದ್ದ. ಯಂತ್ರದ ಜೀವ ಇರುವ ಕಡೆ ಬಿಟ್ಟು ಕಾಲಿಗಿಡುವುದು ಎಂಥ ಪೂಜೆ ಎಂದು ದೇವರಾಜುವಿಗೆ ಕಸಿವಿಸಿ. ಈ ಸಲ ನಿಂಗಯ್ಯ ಹೂವು ತರಲು ಹೋದಾಗ ದೇವರಾಜು, ತನ್ನ ಅವ್ವ ದೇವಿರಮ್ಮ ಚಾಮುಂಡಿ ಬೆಟ್ಟದಿಂದ ತಂದುಕೊಟ್ಟಿದ್ದ ಕುಂಕುಮವನ್ನು ಬಿರಡೆಯ ಹಿಡಿಗೆ ಇಟ್ಟು, ಅದೇ ಬೆರಳಲ್ಲಿ ಬಿರಡೆ ಕೂರಿಸಿ ತಿರುಗಿಸಿದ್ದ. ಪುಡಿ ಗ್ರೀಸಿಗೆ ಉದುರಿ ಗಾಳಿಗೆ ದಾರಿ ಮಾಡೀತೆಂದು ಎಂ.ಎಸ್ಸಿ. ಓದಿದ ತಲೆಗೆ ಹೊಳೆಯಲಿಲ್ಲ ನೋಡಿ.

ಒರೆಸಿ, ಹೊಸ ಗ್ರೀಸು ಹಚ್ಚಿ ಸುಮ್ಮನಿದ್ದುಬಿಡಬಹುದಿತ್ತು. ನಿಂಗಯ್ಯನ ಕೆಲಸವೂ ಉಳಿಯುತ್ತಿತ್ತು. ಆದರೆ ಹಾಗೆ ಮಾಡಿದ್ದರೆ ಅವನ ಕೈ ನಡುಗಿದ್ದು ನಿಜ ಎಂದು ಎಲ್ಲರೂ ನಂಬುತ್ತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ನಿಂಗಯ್ಯನೇ ನಂಬುತ್ತಿದ್ದ. ಬಾಗಿಲಲ್ಲಿ ಕೃಷ್ಣಪ್ಪನವರ ಬೂಟಿನ ಸದ್ದಾಯಿತು. ದೇವರಾಜು ಬಿರಡೆ ಕಿತ್ತು, ಒರೆಸದೆ ಹಾಗೇ ಮುಂದೆ ಹಿಡಿದ.

“ಕುಂಕುಮ ಇಟ್ಟೋನು ನಾನು ಸಾರ್. ಅವರ ಬೆಸುಗೇಲಿ ಏನೂ ದೋಷ ಇಲ್ಲ.”

ಪ್ರೊಫೆಸರ್ ಬಿರಡೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆರು ತಿಂಗಳು ಉಪಕರಣ ಮುಟ್ಟಕೂಡದು, ನಿಂಗಯ್ಯನ ಹತ್ತಿರ ಕೂತು ಗಾಜಿನ ಕೆಲಸ ಕಲಿ ಎಂದು ಹೇಳಿ ಹೊರಟುಹೋದರು.

ನಿಂಗಯ್ಯ ಬೈಯುತ್ತಾನೆಂದು ದೇವರಾಜು ತಲೆ ತಗ್ಗಿಸಿ ನಿಂತ. ಅವನು ಬೈಯಲಿಲ್ಲ. ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಚಾಚಿ, ಮಗುವಿನ ಹಾಗೆ ಕೇಳಿದ.

“ನಡುಗ್ತಾ ಇಲ್ಲ ಅಲ್ವೇನಪ್ಪ?”

ದೇವರಾಜು ಒಂದು ಗಾಜಿನ ಕೊಳವೆ ತಂದು ಆ ಕೈಗಳಲ್ಲಿಟ್ಟು, ಕಲಿಯಲು ಪಕ್ಕದಲ್ಲಿ ಕೂತ.