ಷಡ್ಜಕ್ಕೆ ಮುಂಚಿನ ಉಸಿರು

ಪಟ್ಟಾಭಿರಾಮಯ್ಯನವರು ಒಳ್ಳೆಯ ಮನುಷ್ಯರೇ. ವಡೋದರಾದ ರಾವ್‌ಪುರಾದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ ಇದ್ದದ್ದರಿಂದ ನಾನು ಧೈರ್ಯವಾಗಿ ಹೇಳಬಲ್ಲೆ. ನನಗೆ ಜ್ವರ ಬಂದರೆ ಮೆಣಸಿನ ಸಾರು ಹೊತ್ತು ತರುತ್ತಿದ್ದವರು ಅವರೇ. ಆದರೆ ಲಿಂಗರಾಜ ಅನ್ನುವ ಹೆಸರು ಕಿವಿಗೆ ಬಿದ್ದರೆ ಸಾಕು, ಅಷ್ಟು ದೊಡ್ಡ ಮನುಷ್ಯರ ಮುಖ ಹುಳ್ಳಗಾಗುತ್ತಿತ್ತು. ಆ ಹೊಟ್ಟೆಕಿಚ್ಚನ್ನು ಹತ್ತಿರದಿಂದ ನೋಡಿದವಳು ನಾನು. ನೋಡಿ ನಕ್ಕಿದ್ದೇನೆ, ರೇಗಿದ್ದೇನೆ, ಕೊನೆಗೆ ಅಯ್ಯೋ ಪಾಪ ಅಂದಿದ್ದೇನೆ.

ಅವರು ಮೈಸೂರಿನವರು. ಸೋದರತ್ತೆಯ ಹತ್ತಿರ ವೀಣೆ ಕಲಿತು, ವಿಮಾ ಕಚೇರಿಗೆ ಸೇರಿ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ವರ್ಗವಾಗಿ ವಡೋದರಾಕ್ಕೆ ಬಂದರು. ಬರುವಾಗ ಲಗೇಜಿಗೆ ಹಾಕಿದ ವೀಣೆಯ ದಂಡಿ ದಾರಿಯಲ್ಲೇ ಬಿರಿಯಿತು. ಈ ಊರಿನಲ್ಲಿ ಸಿತಾರ್ ರಿಪೇರಿ ಮಾಡುವವರು ಬೇಕಾದಷ್ಟು ಜನ, ನಮ್ಮ ವೀಣೆ ಮುಟ್ಟುವವರು ಒಬ್ಬರೂ ಇಲ್ಲ. ಕೆಲವು ಕಾಲ ಮುಖ ಊದಿಸಿಕೊಂಡಿದ್ದರು. ಆಮೇಲೆ, ನನಗೆ ನುಡಿಸಲಾಗದಿದ್ದರೇನು, ಬೇರೆಯವರು ನುಡಿಸುವಂಥದ್ದನ್ನು ಬರೆಯುತ್ತೇನೆ ಎಂದು ಕೂತರು.

ತಮಗೇ ಗೊತ್ತಿಲ್ಲದೆ ಈ ಯೋಚನೆ ಹತ್ತಿಸಿದವರು ಅಹಮದಾಬಾದಿನ ಸಂಶೋಧನಾಲಯದಲ್ಲಿದ್ದ ರಘುರಾಮ್ ಎಂಬ ವಿಜ್ಞಾನಿ. ಅವರ ಮನೆಯಲ್ಲಿ ಯಾವುದೋ ದೇಶದ ಗ್ರಾಮಫೋನ್ ತಟ್ಟೆ ಇತ್ತು. ಇನ್ನೂ ಬದುಕಿರುವ ಒಬ್ಬ ಸಂಗೀತಗಾರ ಕೊಳಲಿಗೂ ಕ್ಲಾರಿಯೊನೆಟ್ಟಿಗೂ ಎಂದೇ ಹೊಸದಾಗಿ ಬರೆದದ್ದು. ಪಟ್ಟಾಭಿರಾಮಯ್ಯನವರಿಗೆ ಆ ಸಂಗೀತ ಎಷ್ಟು ಹಿಡಿಸಿತೋ ಕಾಣೆ, ತಟ್ಟೆಯ ಹೊದಿಕೆ ಮಾತ್ರ ತುಂಬ ಹಿಡಿಸಿತು. ಮನೆಗೆ ಬಂದು ಹೆಂಡತಿ ಪದ್ಮಕ್ಕನಿಗೆ ಹೇಳಿದರು:

"ಬರೆದೋನ ಹೆಸರು ದಪ್ಪಕ್ಷರದಲ್ಲಿದೆ ಕಣೇ. ಊದಿದೋನ ಹೆಸರು ಹುಡುಕಬೇಕು, ಅಷ್ಟು ಚಿಕ್ಕದು."

ನಮ್ಮಲ್ಲಿ ಹಾಗಿಲ್ಲವಲ್ಲ. ಬರೆದವನು ಸತ್ತು ನೂರು ವರ್ಷವಾಗಿದ್ದರೆ ಕೈ ಮುಗಿಯುತ್ತಾರೆ. ಬದುಕಿದ್ದು ಎದುರಿಗೇ ಕೂತಿದ್ದರೆ, ಇವನ್ಯಾರು ಅನ್ನುತ್ತಾರೆ.

ಬರೆದದ್ದನ್ನು ಊದಲು ಜನ ಬೇಕಿತ್ತು. ಕ್ಲಾರಿಯೊನೆಟ್ಟಿಗೆ ಮದುವೆ ಬ್ಯಾಂಡಿನ ಚುನೀಭಾಯಿ ಸಿಕ್ಕಿದ. ತಬಲಾಕ್ಕೆ ತನ್ನ ಭಾವಮೈದುನನನ್ನು ಅವನೇ ಕರೆತಂದ. ತಂಬೂರಿಗೆ ಪಕ್ಕದ ಮನೆಯ ನಾನು. ಕೊಳಲಿಗೆ ಲಿಂಗರಾಜ. ಧಾರವಾಡದ ಕಡೆಯವನು, ರೈಲ್ವೆ ಕೆಲಸ, ಸೂರತ್ತಿನ ಪಕ್ಕದ ಉಧ್ನಾದಲ್ಲಿ ವಾಸ. ಭಾನುವಾರ ಬೆಳಗಿನ ಗಾಡಿಗೆ ಬಂದು ಇಳಿದನೆಂದರೆ ಬೀದಿಯ ಮೂಲೆಯಿಂದಲೇ ಅವನ ನಗು ಕೇಳಿಸುತ್ತಿತ್ತು. ಕೈಯಲ್ಲಿ ಪದ್ಮಕ್ಕನಿಗೆಂದು ಸೂರತ್ತಿನ ಘಾರಿಯ ಡಬ್ಬಿ. ತುಪ್ಪದಲ್ಲಿ ಮುಳುಗಿದ ಆ ಸಿಹಿಯನ್ನು ಪಟ್ಟಾಭಿರಾಮಯ್ಯನವರು ಮುಟ್ಟುತ್ತಿರಲಿಲ್ಲ. "ಪಿತ್ತ" ಅನ್ನುತ್ತಿದ್ದರು.

ಮೊದಲನೇ ಅಭ್ಯಾಸದ ದಿನವೇ ಲಿಂಗರಾಜ ಕೊಳಲು ಕೆಳಗಿಟ್ಟು ಹೇಳಿದ, "ರಾಯರ, ಭಾಳ ಛಲೋ ಬರದೀರಿ. ಆದ್ರ ಉಸರ ಎಲ್ಲಿ ತಗೊಳ್ಳೂದ್ರಿ? ವೀಣಾಕ್ಕ ಉಸರ ಬ್ಯಾಡ, ನಮಗ ಬೇಕಲ್ರಿ."

ವೀಣೆಯವರು ಕೊಳಲಿಗೆ ಬರೆದರೆ ಆಗುವ ತಪ್ಪು ಅದು. ಬೆರಳಿಗೆ ದಮ್ಮು ಕಟ್ಟುವುದಿಲ್ಲ ನೋಡಿ. ಪಟ್ಟಾಭಿರಾಮಯ್ಯನವರು ಒಪ್ಪಿಕೊಂಡು ಅಲ್ಲಲ್ಲಿ ಜಾಗ ಬಿಟ್ಟು ತಿದ್ದಿದರು. ಆಮೇಲೆ ಬರೆಯುವಾಗ ತಾವೇ ಬಾಯಲ್ಲಿ ಫೂ ಫೂ ಎಂದು ಊದಿ, ಎಲ್ಲಿ ದಮ್ಮು ಮುಗಿಯುತ್ತದೆ ಎಂದು ನೋಡಿ ಬರೆಯುತ್ತಿದ್ದರು. ಗೋಡೆಯ ಈ ಕಡೆ ನನಗೆ ಕೇಳಿಸುತ್ತಿತ್ತು.

ಕಿಚ್ಚು ಹತ್ತಿದ್ದು ವಡೋದರಾದ ಗಣೇಶೋತ್ಸವದಲ್ಲಿ. ಊರ ನಡುವಿನ ವಿಶ್ವಾಮಿತ್ರಿ ಹೊಳೆಯ ಹೆಸರಿಟ್ಟು ಬರೆದದ್ದನ್ನು ಅಲ್ಲಿ ನುಡಿಸಿದೆವು. ಪಟ್ಟಾಭಿರಾಮಯ್ಯನವರು ಸ್ವರ ಬರೆದ ಕಾಗದ ಹಿಡಿದು ಲಿಂಗರಾಜನ ಪಕ್ಕ ಕೂತಿದ್ದರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹಾರ ಲಿಂಗರಾಜನ ಕೊರಳಿಗೆ ಬಿತ್ತು. ವಂದನಾರ್ಪಣೆಯಲ್ಲಿ ಕಾರ್ಯದರ್ಶಿ ಹೇಳಿದರು, "ಶ್ರೀ ಪಟ್ಟಾಭಿರಾಮಯ್ಯನವರು ಕಾಗದ ಹಿಡಿದುಕೊಂಡು ಸಹಕರಿಸಿದ್ದಾರೆ, ಅವರಿಗೂ ನಮಸ್ಕಾರ." ನನಗೆ ನಗು ತಡೆಯಲಾಗಲಿಲ್ಲ. ಅವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಸೂರತ್ತಿನಲ್ಲಿ ಇನ್ನೂ ಚಂದ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಗುಜರಾತಿ ಅಜ್ಜಿ ಇವರನ್ನೇ ಹಿಡಿದು, "ತಮೇ ಶುಂ ವಗಾಡೋ ಛೋ?" ಎಂದರು. ನೀವೇನು ನುಡಿಸುತ್ತೀರಿ ಎಂದು. ನಾನು ಬರೆದವನು ಎಂದರು ಇವರು. ಕೊಳಲಿನಲ್ಲಿ ಬರೆಯುವುದೇನಿದೆಯಪ್ಪ, ಊದುವುದು ತಾನೇ, ಎಂದು ಅಜ್ಜಿ ಬೆನ್ನು ಸವರಿ ಲಿಂಗರಾಜನ ಕಡೆ ನಡೆದರು.

ಇಷ್ಟಾದ ಮೇಲೆ ಮನೆಯಲ್ಲಿ ಪದ್ಮಕ್ಕ, "ಏನೇ ಹೇಳಿ, ಆ ಹುಡುಗ ಊದಿದ್ರೆ ಕಣ್ಣಲ್ಲಿ ನೀರು ಬರತ್ತೆ" ಅಂದುಬಿಟ್ಟರು.

"ನೀರು ಬರೋ ಹಾಗೆ ಬರೆದೋರು ಯಾರು?" ಎಂದು ಇವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದು ಊಟ ಬಿಟ್ಟರು. ಲಿಂಗರಾಜನ ನಗು ಕಂಡರೆ ಆಗದು, ಅವನ ಗುಂಗುರು ಕೂದಲು ಕಂಡರೆ ಆಗದು. ಕೊನೆಗೆ ಅವನು ನೀರು ಕುಡಿಯುವ ರೀತಿಯೂ ಸರಿಯಿಲ್ಲ ಎಂದು ನನ್ನ ಹತ್ತಿರ ದೂರಿದರು.

ಅರವತ್ತೇಳರಲ್ಲಿ ಅಹಮದಾಬಾದಿನ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆದರು. ಟೌನ್ ಹಾಲು, ಭಾನುವಾರ ಬೆಳಗಿನ ಕಾರ್ಯಕ್ರಮ. ಹೊಸದೊಂದು ಬೇಕು ಎಂದು ಕೇಳಿದರು. ಪಟ್ಟಾಭಿರಾಮಯ್ಯನವರು ಕಲ್ಯಾಣಿಯಲ್ಲಿ ಬರೆದರು. ಕೊನೆಯ ಭಾಗವನ್ನು ಹಿಂದಿನ ಭಾನುವಾರದವರೆಗೂ ಕೊಡಲೇ ಇಲ್ಲ. ಕೊಟ್ಟಾಗ ಲಿಂಗರಾಜ ಕಣ್ಣಾಡಿಸಿದ, ಮತ್ತೊಮ್ಮೆ ಆಡಿಸಿದ. ಕೆಳಗಿನ ಪಂಚಮದಿಂದ ಹೊರಟ ಸಾಲು ಸುತ್ತಿ ಸುತ್ತಿ ಮೇಲಿನ ಷಡ್ಜಕ್ಕೆ ಹತ್ತುತ್ತಿತ್ತು. ಎಲ್ಲಿಯೂ ಎಳ್ಳಷ್ಟು ಜಾಗವಿಲ್ಲ.

"ರಾಯರ, ಇಲ್ಲಿ ಉಸರ?"

"ಈ ಸಾಲಿನಲ್ಲಿ ಇಲ್ಲಯ್ಯ. ಒಂದು ಸ್ವರವೂ ಬಿಡಕೂಡದು. ಆಗಲ್ಲ ಅಂದ್ರೆ ಹೇಳು, ಚುನೀಭಾಯಿಗೆ ಕೊಡೋಣ."

ಲಿಂಗರಾಜ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. "ನೋಡೂಣ್ರಿ" ಎಂದ.

ವೀಣೆಯವರ ತಪ್ಪಲ್ಲ ಇದು. ಈಗ ಅವರಿಗೆ ಯಾವ ಕೊಳಲಿನವನ ದಮ್ಮು ಎಲ್ಲಿಯವರೆಗೆ ಎಂದು ಚೆನ್ನಾಗಿ ಗೊತ್ತಿತ್ತು. ಕೊಡುವ ಮುಂಚಿನ ವಾರವೆಲ್ಲ ಗೋಡೆಯಾಚೆ ಅವರು ಫೂ ಫೂ ಎಂದು ಊದಿದ್ದು ಜಾಗ ಬಿಡುವುದಕ್ಕಲ್ಲ, ಮುಚ್ಚುವುದಕ್ಕೆ. ತುಂಬಿದ ಸಭೆಯಲ್ಲಿ ಅವನು ಎಡವಲಿ, ಆಗಲಾದರೂ ಬರೆದವನೊಬ್ಬನಿದ್ದಾನೆ ಎಂದು ಜನಕ್ಕೆ ತಿಳಿಯಲಿ. ಇಷ್ಟೇ ಅವರ ಆಸೆ. ನನಗೆ ಮೈ ಉರಿಯಿತು.

ಟೌನ್ ಹಾಲಿನಲ್ಲಿ ನಾನು ಹಿಂದೆ ತಂಬೂರಿ ಹಿಡಿದು ಕೂತಿದ್ದೆ. ಪಟ್ಟಾಭಿರಾಮಯ್ಯನವರು ಈ ಸಲ ಕಾಗದ ಹಿಡಿಯಲು ಬರಲಿಲ್ಲ, ಮೊದಲನೇ ಸಾಲಿನ ಕುರ್ಚಿಯಲ್ಲಿ ಕೂತರು. ಕಲ್ಯಾಣಿ ಚೆನ್ನಾಗಿಯೇ ಬಂತು. ಕೊನೆಯ ಸಾಲು ಶುರುವಾಯಿತು. ಲಿಂಗರಾಜ ಹತ್ತಿದ, ಹತ್ತಿದ, ಕೊರಳ ನರ ಉಬ್ಬಿತು, ಕಿವಿ ಕೆಂಪಾಯಿತು. ನಿಷಾದಕ್ಕೆ ಬಂದ. ಇನ್ನೊಂದೇ ಸ್ವರ. ಕೊಳಲು ತುಟಿಯಿಂದ ಕಳಚಿತು.

ಚುನೀಭಾಯಿ ಗಾಬರಿಯಾಗಿ ಕ್ಲಾರಿಯೊನೆಟ್ಟು ನಿಲ್ಲಿಸಿದ, ತಬಲಾವೂ ನಿಂತಿತು. ನನ್ನ ತಂಬೂರಿ ಒಂದೇ ಮೊರೆಯುತ್ತಿತ್ತು. ಮೊದಲನೇ ಸಾಲಿನಲ್ಲಿ ಪಟ್ಟಾಭಿರಾಮಯ್ಯನವರ ಮೀಸೆಯ ಕೆಳಗೆ ನಗು ಮೂಡುವುದನ್ನು ಈ ಕಣ್ಣಿಂದಲೇ ಕಂಡೆ. ಅಷ್ಟರಲ್ಲಿ ಲಿಂಗರಾಜ ಉಸಿರೆಳೆದುಕೊಂಡ. ಆ ಸದ್ದು ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು. ಕಣ್ಣು ಮುಚ್ಚಿ, ಕೊಳಲನ್ನು ತುಟಿಗೆ ತಂದು, ಅತ್ತು ಸುಮ್ಮನಾದ ಮಗುವನ್ನು ಮಲಗಿಸುವ ಹಾಗೆ ಷಡ್ಜವನ್ನು ಮೆಲ್ಲಗೆ ಇಟ್ಟ.

ಸಭೆಗೆ ಸಭೆಯೇ ಆಹಾ ಅಂದಿತು. ರಘುರಾಮ್ ವೇದಿಕೆಗೆ ಹತ್ತಿಕೊಂಡು ಬಂದರು. "ಷಡ್ಜದ ಹೊಸ್ತಿಲಲ್ಲಿ ಹಾಗೆ ನಿಲ್ಲಿಸೋದು ಅಂದ್ರೆ! ಯಾರ್ರೀ ಇದನ್ನ ಬರೆದದ್ದು?"

ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ಲಿಂಗರಾಜ ಕೊಳಲಿನಿಂದಲೇ ಕುರ್ಚಿಯ ಕಡೆ ತೋರಿಸಿದ. "ಅವ್ರ ನೋಡ್ರಿ. ನಾ ಬರೇ ಊದಾಂವ."

ಹಾರ ಕೆಳಗಿಳಿದು ಬಂತು. ಪಟ್ಟಾಭಿರಾಮಯ್ಯನವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಬಾಯಿ ಮುಚ್ಚಿ ಕೊರಳು ಬಗ್ಗಿಸಿದರು.

ಆಮೇಲೆ ನಿವೃತ್ತಿಯವರೆಗೂ ಅವರು ಎಷ್ಟೋ ಬರೆದರು. ಕೊಳಲಿಗೆ, ಕ್ಲಾರಿಯೊನೆಟ್ಟಿಗೆ, ಒಂದು ಶಹನಾಯಿಗೂ. ಜನಕ್ಕೆ ಬೇಕಾದದ್ದು ಅದೊಂದೇ ಕಲ್ಯಾಣಿ, ಅದರಲ್ಲೂ ಅದೊಂದೇ ನಿಲುಗಡೆ. ಆ ಜಾಗ ಹತ್ತಿರ ಬಂದಾಗ ಸಭೆಯೆಲ್ಲ ಉಸಿರು ಹಿಡಿದು ಇವರ ಮುಖ ನೋಡುತ್ತಿತ್ತು. ಇವರು ನೆಲ ನೋಡುತ್ತಿದ್ದರು. ತಮ್ಮದಲ್ಲದ ಆ ಮೌನದ ಮೇಲೆ ಅವರಿಗಿದ್ದಷ್ಟು ಹೊಟ್ಟೆಕಿಚ್ಚು ಲಿಂಗರಾಜನ ಮೇಲೂ ಇರಲಿಲ್ಲವೇನೋ.

ಟೌನ್ ಹಾಲಿನ ಆ ಕಾರ್ಯಕ್ರಮದ ದಿನ ಮಧ್ಯಾಹ್ನ, ವಾಪಸು ಬರುವ ರೈಲಿನಲ್ಲಿ ಪಟ್ಟಾಭಿರಾಮಯ್ಯನವರೂ ಲಿಂಗರಾಜನೂ ನಾನೂ ಎದುರುಬದುರು ಕೂತಿದ್ದೆವು. ಹಾರ ಅವರ ತೊಡೆಯ ಮೇಲಿತ್ತು. ಆನಂದ್ ಸ್ಟೇಷನ್ನು ದಾಟಿತು. ಆಮೇಲೆ ಕೇಳಿದರು, "ಬೇಕೂಂತಲೇ ನಿಲ್ಲಿಸಿದ್ಯೇನಯ್ಯ?"

"ಇಲ್ರಿ. ಉಸರ ಮುಗೀತ್ರಿ."

"ಮತ್ತೆ ನಾನು ಬರೆದದ್ದು ಅಂತ ಯಾಕೆ ಹೇಳ್ದೆ?"

ಲಿಂಗರಾಜ ನಗಲಿಲ್ಲ. "ಉಸರ ಮುಗಿಯೂ ಹಂಗ ಬರದಾವ್ರು ನೀವ ಅಲ್ಲೇನ್ರಿ?"

ಪಟ್ಟಾಭಿರಾಮಯ್ಯನವರು ಕಿಟಕಿಯ ಕಡೆ ತಿರುಗಿಕೊಂಡರು. ವಡೋದರಾ ಬಂದಾಗ ಹಾರವನ್ನು ಸೀಟಿನ ಮೇಲೆಯೇ ಬಿಟ್ಟು, ಹಿಂದೆ ನೋಡದೆ ಇಳಿದು ನಡೆದರು. ಸೂರತ್ತಿಗೆ ಹೋಗಬೇಕಿದ್ದ ಲಿಂಗರಾಜ ಒಳಗೇ ಇದ್ದ. ಗಾಡಿ ಹೊರಡುವಾಗ ಹಾರ ಹಿಡಿದು ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ ಕೂಗಿದ:

"ರಾಯರ, ನಿಮ್ಮದು ಮರತ್ರಿ!"

ಪ್ಲಾಟ್‌ಫಾರಮ್ಮಿನ ಜನವೆಲ್ಲ ತಿರುಗಿ ನೋಡಿದರು. ಪಟ್ಟಾಭಿರಾಮಯ್ಯನವರು ಗಾಡಿಯ ಪಕ್ಕ ಓಡಿ, ಎರಡೂ ಕೈಯಲ್ಲಿ ಅದನ್ನು ಈಸಿಕೊಂಡರು.