ತಕ್ಕಡಿಯಕ್ಕನವರ ಮಧ್ಯಾಹ್ನದ ಅಂಕಿ

ಹೊರದೇಶಗಳಿಗೆ ಮಾರಲೆಂದು ತಯಾರಾಗುವ ಹಗುರ ಯುದ್ಧವಿಮಾನಗಳನ್ನು ಒಂದು ತಟ್ಟೆಯಲ್ಲಿ ಬೆಲೆ, ಇನ್ನೊಂದು ತಟ್ಟೆಯಲ್ಲಿ ಬಲ ಇಟ್ಟು ತೂಗಿ ನೋಡುವ ವಿದ್ಯೆ ನಮ್ಮ ಕಾರ್ಖಾನೆಯಲ್ಲಿ ಇಂದು ಒಂದು ಶಾಸ್ತ್ರವಾಗಿ ನಿಂತಿದ್ದರೆ, ಅದಕ್ಕೆ ಮೂಲಪುರುಷರೆಂಬವರು ಯಾರೂ ಇಲ್ಲ, ಮೂಲಸ್ತ್ರೀ ಒಬ್ಬರಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬೇರೆ. ಗೇಟಿನ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ತಕ್ಕಡಿಯಕ್ಕ. ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅಕ್ಕನವರನ್ನು ಕೊಂಡಾಡಲು ಈ ಅಭಿನಂದನ ಗ್ರಂಥದ ಉಳಿದ ಲೇಖಕ ಮಹಾಶಯರು ನಿಘಂಟನ್ನೇ ಬರಿದು ಮಾಡಿದ್ದಾರೆ. ಹೊಗಳಿದರೆ ನಾಚಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಬಿಡಿ. ಅಕ್ಕನವರದು ಆ ಬಗೆಯ ನಾಚಿಕೆಯಲ್ಲ. ಅವರಿಗೆ ನಿಜವಾಗಿಯೂ ತಲೆ ತಗ್ಗಿಸುವ ಕಾರಣವೊಂದಿದೆ. ಅದನ್ನು ಬರೆಯಲೇಬೇಕೆಂದು ಹಟ ಹಿಡಿದವರೂ ಅವರೇ.

ಅವರು ಸೇವೆಗೆ ಸೇರಿದ ಕಾಲದಲ್ಲಿ ವಿಮಾನಗಳ ಹೋಲಿಕೆಯೆಂದರೆ ಮಾರಾಟ ವಿಭಾಗದವರು ನುಣುಪು ಕಾಗದದ ಮೇಲೆ ಅಚ್ಚು ಹಾಕಿಸುತ್ತಿದ್ದ ಆತ್ಮಸ್ತುತಿಯಾಗಿತ್ತು. ಎದುರಾಳಿಯ ವಿಮಾನಕ್ಕೆ ಬಿಡಿಭಾಗ, ತರಬೇತಿ, ಹೆಚ್ಚುವರಿ ಎಂಜಿನ್ ಎಲ್ಲವನ್ನೂ ಸೇರಿಸಿ ಬೆಲೆ ಕಟ್ಟುವುದು. ನಮ್ಮದಕ್ಕೆ ಮಾತ್ರ ಬರಿಯ ವಿಮಾನದ ಬೆಲೆ ತೋರಿಸುವುದು. ಹೊಸದಾಗಿ ಬಂದಿದ್ದ ಅಕ್ಕ ಅದನ್ನು ನೋಡಿ, "ಬಾಗಿಲು ಕಿಟಕಿ ಬಿಟ್ಟು ಮನೆ ಬೆಲೆ ಹೇಳಿದ ಹಾಗಾಯ್ತಲ್ರೀ ಇದು" ಎಂದುಬಿಟ್ಟರು. ಕೊಳ್ಳುವವು ಸಣ್ಣ ದೇಶಗಳು. ಸಾಲ ಸೋಲ ಮಾಡಿ ಹತ್ತು ಹನ್ನೆರಡು ವಿಮಾನ ಕೊಂಡರೆ ಒಂದು ತಲೆಮಾರಿನ ಪೈಲಟ್‌ಗಳು ಅವುಗಳಲ್ಲೇ ಹಾರಬೇಕು. ಆದ್ದರಿಂದ ಒಂದು ಗಂಟೆ ಹಾರಿಸಲು ಬೀಳುವ ಖರ್ಚೆಷ್ಟು, ಎಂಜಿನ್ ಬಿಚ್ಚಿ ಮತ್ತೆ ಕೂರಿಸಲು ಹಿಡಿಯುವ ಹೊತ್ತೆಷ್ಟು, ಕೊಳ್ಳುವವರ ಸ್ವಂತ ರನ್‌ವೇಯಿಂದ ಎಷ್ಟು ಭಾರ ಹೊತ್ತು ಮೇಲೇಳಬಲ್ಲದು ಎಂಬುದನ್ನೆಲ್ಲ ನಮ್ಮದು, ಪರರದು ಎಂಬ ಭೇದವಿಲ್ಲದೆ ಒಂದೇ ಅಳತೆಗೋಲಿನಿಂದ ಅಳೆಯುವ ಪದ್ಧತಿಯನ್ನು ಅವರು ತಂದರು. ಅವರ ಅಡ್ಡಹೆಸರು ಹುಟ್ಟಿದ್ದು ಆಗಲೇ.

ಕೈಕೆಳಗಿನವರನ್ನು ಅವರು ಕಾಪಾಡಿದ ರೀತಿ ಬಲ್ಲವರೇ ಬಲ್ಲರು. ಹೊಸ ಎಂಜಿನಿಯರೊಬ್ಬ ಎದುರಾಳಿ ವಿಮಾನದ ಇಂಧನದ ಲೆಕ್ಕವನ್ನು ತಪ್ಪಾಗಿ ಮಾಡಿ, ಸಭೆಯಲ್ಲಿ ಎಲ್ಲರೂ ಅವನ ಮೇಲೆ ಮುಗಿಬಿದ್ದಾಗ, "ನೋಡದೆ ಸಹಿ ಹಾಕಿದೋಳು ನಾನು, ನನ್ನನ್ನ ಬೈರಿ" ಎಂದು ಎದ್ದು ನಿಂತವರು ಅಕ್ಕ. ಆ ಎಂಜಿನಿಯರ್ ಈಗ ವಿಭಾಗದ ಮುಖ್ಯಸ್ಥರು, ಈ ಗ್ರಂಥದ ಸಂಪಾದಕರು.

ಇಷ್ಟೆಲ್ಲ ಇದ್ದೂ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಸುಳ್ಳಾಗಲಿಲ್ಲ. ನಮ್ಮ ಕಾರ್ಖಾನೆಯ ಹಗುರ ವಿಮಾನವನ್ನು ಅಕ್ಕನವರು ಮೊದಲ ನಕ್ಷೆಯ ದಿನದಿಂದ ಕಂಡವರು. ಅದು ಮೊದಲ ಸಲ ಚಕ್ರ ಮಡಚಿ ಮೇಲೇರಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡವರು. ಬಿಸಿಲು ನಾಡಿನ ಎತ್ತರದ ಊರೊಂದರಲ್ಲಿ ವಾಯುನೆಲೆ ಹೊಂದಿದ್ದ ಸಣ್ಣ ದೇಶದ ತಂಡವೊಂದು ಅದನ್ನು ಕೊಳ್ಳಲು ಬಂದಾಗ, ಜೊತೆಗೆ ಇನ್ನೆರಡು ವಿಮಾನಗಳೂ ಪೈಪೋಟಿಯಲ್ಲಿದ್ದವು: ಒಂದು ತೀರ ಅಗ್ಗದ್ದು, ಇನ್ನೊಂದು ಬಲು ದುಬಾರಿಯದು. ಗಾಳಿ ಕಾದು ತೆಳುವಾದರೆ ಯಾವ ಎಂಜಿನ್ನಿಗಾದರೂ ಕಸುವು ಕಡಿಮೆ. ಬೆಳಗಿನ ತಂಪಿನಲ್ಲಿ ಹೊತ್ತ ಭಾರವನ್ನು ನಡುಮಧ್ಯಾಹ್ನ ಹೊರಲಾರದು. ಅಕ್ಕನವರು ಆ ಇಬ್ಬರು ಎದುರಾಳಿಗಳಿಗೂ ಮಧ್ಯಾಹ್ನದ ಅಂಕಿಯನ್ನೇ ಬರೆದರು. ನಮ್ಮದಕ್ಕೆ ಮಾತ್ರ ಬೆಳಗಿನದನ್ನು ಬರೆದರು.

ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಮಧ್ಯಾಹ್ನದ ಪರೀಕ್ಷೆಯ ಫಲಿತಾಂಶ ಬಂದಿತ್ತು, ಅವರು ಓದಿಯೂ ಇದ್ದರು: ಆ ಊರಿನ ಬಿಸಿಲಿನಲ್ಲಿ ನಮ್ಮ ವಿಮಾನ ಪೂರ್ತಿ ಶಸ್ತ್ರ ಹೊತ್ತರೆ ಅರ್ಧ ಇಂಧನ ಬಿಟ್ಟೇ ಏಳಬೇಕು. ಎಂಜಿನ್ ಹೇಗೂ ಸುಧಾರಿಸುತ್ತದಲ್ಲ, ಅಷ್ಟರಲ್ಲಿ ನಮ್ಮ ಕೂಸು ಯಾಕೆ ಸೋಲಬೇಕು ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮೂರಕ್ಕೂ 'ಮಧ್ಯಾಹ್ನದ ಅಂಕಿ' ಎಂಬ ಒಂದೇ ತಲೆಬರಹದಡಿ ಪಟ್ಟಿ ಟೈಪಾಯಿತು, ಅತಿಥಿಗಳ ಕೈ ಸೇರಿತು.

ಚಹಾದ ವಿರಾಮದಲ್ಲಿ ಅತಿಥಿ ತಂಡದ ಪೈಲಟ್ ಅವರನ್ನು ಹುಡುಕಿಕೊಂಡು ಬಂದ. ಮೀಸೆ ಇನ್ನೂ ಸರಿಯಾಗಿ ದಟ್ಟವಾಗದ ತರುಣ.

"ಅಮ್ಮಾ, ಬೇರೆ ಕಡೆ ಎಲ್ಲಾ ತಂಪೊತ್ತಿನ ಲೆಕ್ಕ ಕೊಟ್ಟು ನಮ್ಮ ಕಿವಿಗೆ ಹೂವಿಟ್ರು. ಮಧ್ಯಾಹ್ನದ್ದು ಕೊಟ್ಟಿರೋದು ನೀವೊಬ್ರೇ" ಎಂದ. "ನಮ್ಮ ರನ್‌ವೇ ತುದೀಲಿ ಒಂದು ಗುಡ್ಡ ಇದೆ. ಭಾರ ಒಂಚೂರು ಹೆಚ್ಚಾದ್ರೂ ಅದಕ್ಕೇ ಹೋಗಿ ಗುದ್ದೋದು. ಹಾರಿಸೋನು ನಾನೇ ನೋಡಿ, ಅದಕ್ಕೇ ನಿಮಗೆ ಕೈ ಮುಗಿದು ಹೋಗೋಣ ಅಂತ ಬಂದೆ."

ಮುಗಿದೇ ಮುಗಿದ. ಅಕ್ಕನವರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಪ್ರತಿಯಾಗಿ ಕೈ ಜೋಡಿಸಲು ಹೋಗಿ ಲೋಟದ ಚಹಾ ಸೀರೆಯ ಮೇಲೆ ಚೆಲ್ಲಿದರೆ, ಆ ಹುಡುಗ ತನ್ನ ಕರವಸ್ತ್ರ ಕೊಟ್ಟ. ಅದನ್ನು ಇಸಿದುಕೊಳ್ಳುವಾಗ ಆದಷ್ಟು ಅವಮಾನ ಜೀವಮಾನದಲ್ಲಿ ಆಗಿಲ್ಲವೆಂದು ಅಕ್ಕನವರು ಇಂದಿಗೂ ಹೇಳುತ್ತಾರೆ.

ಕಾರಿಡಾರಿನಲ್ಲೇ ಮಾರಾಟದ ಮುಖ್ಯಸ್ಥರನ್ನು ತಡೆದು ನಿಜ ಹೇಳಿದರು. ಅವರ ಮುಖ ಕಪ್ಪಿಟ್ಟಿತು. "ಕೈಗೆ ಬಂದ ತುತ್ತು ಬಾಯಿಗಿಲ್ಲ ಅನ್ನೋ ಹಾಗೆ ಮಾಡ್ತೀರಲ್ಲಮ್ಮಾ! ಹೇಳಲೇಬೇಕು ಅಂತಿದ್ರೆ ಟೈಪಿಂಗ್ ತಪ್ಪು ಅಂತ ಹೇಳಿ. ನಿಮ್ಮ ಮಾನವೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ."

ಟೈಪ್ ಮಾಡಿದ್ದವಳು ಇನ್ನೂ ಕಾಯಂ ಆಗದ ಹೆಣ್ಣುಮಗಳು. ಸಭೆ ಮತ್ತೆ ಸೇರಿದಾಗ ಗೋಡೆಯ ಪಕ್ಕದ ಕುರ್ಚಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಕೂತಿದ್ದಳು. ಅಕ್ಕನವರು ಎದ್ದು ನಿಂತು, ನಮ್ಮ ವಿಮಾನದ ಭಾರದ ಅಂಕಿ ತಪ್ಪಾಗಿದೆ ಎಂದರು. ಮಾರಾಟದ ಮುಖ್ಯಸ್ಥರು "ಟೈಪಿಂಗ್..." ಎಂದು ಶುರು ಮಾಡಿದರು. ಅಕ್ಕನವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲ. ಗೊತ್ತಿದ್ದೇ ಬರೆದೆ. ಮಧ್ಯಾಹ್ನದ ಅಂಕಿ ಇದು" ಎಂದು ನಿಜವಾದ ಸಂಖ್ಯೆಯನ್ನು ಓದಿ ಕೂತರು.

ಕ್ಷಮಿಸಿದೆ ಎಂದು ಯಾರೂ ಬೆನ್ನು ತಟ್ಟಲಿಲ್ಲ. ಆ ಪೈಲಟ್ ಫೈಲು ಮುಚ್ಚಿದವನು ಅವರ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಅತಿಥಿಗಳು ಮಧ್ಯಾಹ್ನದಲ್ಲೂ ಭಾರ ಹೊರಬಲ್ಲ ಆ ದುಬಾರಿಯ ವಿಮಾನವನ್ನೇ, ಬೇಕಾದುದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಕೊಂಡರು. ಆ ಆರ್ಡರಿಗೆಂದು ಕಟ್ಟಿದ ಹೊಸ ಜೋಡಣಾ ಶೆಡ್ಡು ಬಹುಕಾಲ ಖಾಲಿ ಬಿದ್ದಿತ್ತು. ಊಟದ ಮನೆಯಲ್ಲಿ ಅಕ್ಕನವರ ಮೇಜಿನ ಸುತ್ತಲ ಕುರ್ಚಿಗಳೂ ಹಾಗೆಯೇ. ಸುಳ್ಳು ಬರೆದರೆಂದು ಕೆಲವರಿಗೆ ಸಿಟ್ಟು, ಸತ್ಯ ಹೇಳಿದರೆಂದು ಹಲವರಿಗೆ ಸಿಟ್ಟು. ಹಲವರ ಸಿಟ್ಟೇ ಹೆಚ್ಚು ಕಾಲ ಬಾಳಿತೆಂದು ಬರೆಯಲು ನಮಗೂ ನಾಚಿಕೆಯಾಗುತ್ತದೆ.

ಅಂದಿನಿಂದ ನಮ್ಮ ಪ್ರತಿಯೊಂದು ಪಟ್ಟಿಯಲ್ಲೂ ಮಧ್ಯಾಹ್ನದ ಅಂಕಿಯೇ ಮೊದಲು. ಹೊಸಬರು ಅದನ್ನು 'ಅಕ್ಕನ ಕಾಲಂ' ಎಂದು ಕರೆಯುತ್ತಾರೆ, ಗೌರವದಿಂದಲೇ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಕ್ಕನವರು ಕನ್ನಡಕ ತೆಗೆದು ಒರೆಸತೊಡಗುತ್ತಾರೆ; ಕನ್ನಡಕಕ್ಕೆ ಏನೂ ಆಗಿರುವುದಿಲ್ಲ.

ಈ ಗ್ರಂಥದ ಕರಡು ಅವರ ಕೈಗೆ ಹೋದ ಮರುದಿನವೇ ಅವರು ಸಂಪಾದಕರ ಮುಂದೆ ಬಂದು ಕೂತರು. 'ಎಂದೂ ತಪ್ಪದ ತಕ್ಕಡಿ' ಎಂಬ ಸಾಲಿನ ಮೇಲೆ ಅವರ ಬೆರಳಿತ್ತು.

"ಇದೆಲ್ಲ ಬೆಳಗಿನ ತಂಪಿನ ಅಂಕಿ ಕಣಪ್ಪಾ. ಮಧ್ಯಾಹ್ನದ್ದೂ ಹಾಕು. ಇಲ್ಲ ಅಂದ್ರೆ ನನಗೆ ಪುಸ್ತಕವೇ ಬೇಡ."

"ಅಕ್ಕಾ, ಅಭಿನಂದನ ಗ್ರಂಥದಲ್ಲಿ ಯಾರಾದ್ರೂ ಇಂಥದ್ದು ಹಾಕ್ತಾರಾ?"

"ನಾಳೆ ಯಾರೋ ನನ್ನ ಕುರ್ಚೀಲಿ ಕೂತು ಇದನ್ನ ಓದ್ತಾರೆ. ಓದಿ ನಂಬ್ತಾರೆ. ಇನ್ನೊಂದು ಸಲ ಅಂಥಾ ನಮಸ್ಕಾರ ತಗೊಳ್ಳೋ ಶಕ್ತಿ ನನಗಿಲ್ಲ."

ಹೀಗೆ ಈ ಲೇಖನ ಹುಟ್ಟಿತು. ಇದನ್ನು ಟೈಪ್ ಮಾಡಿದವಳು ಅಂದು ಆ ಪಟ್ಟಿಯನ್ನು ಟೈಪ್ ಮಾಡಿದ್ದವಳೇ. ಈಗ ಕಚೇರಿಯ ಅಧೀಕ್ಷಕಿ. ಕೆಲಸ ಮುಗಿಸಿ ಅಕ್ಕನವರಿಗೆ ಓದಿ ಹೇಳಿದಳು. "ಅವತ್ತು ನನ್ನ ಮೇಲೆ ಹಾಕಿದ್ರೆ ಯಾರೂ ಕೇಳ್ತಿರಲಿಲ್ಲ. ನೀವು ಹಾಕಲಿಲ್ಲವಲ್ಲ ಅಕ್ಕಾ."

ಅಕ್ಕನವರು ತಲೆಯೆತ್ತಲಿಲ್ಲ. "ಸ್ವಲ್ಪ ಹೊತ್ತು ಸುಮ್ಮನಿದ್ದೆ ಅಂತ ಬರೆದಿದ್ದಾರಲ್ಲ, ಆಗ ನಿನ್ನ ಹೆಸರು ನಾಲಿಗೆ ತುದೀಲಿತ್ತು ಕಣೇ. ಅದನ್ನೂ ಸೇರಿಸು."

ಅವಳು ಹಾಳೆಯನ್ನು ತೆಗೆದುಕೊಂಡು ಹೋಗಿ ಅದನ್ನೂ ಸೇರಿಸಿದಳು. ಅಕ್ಕನವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ದೊರೆಯಲಿ. ಮುಂದಿನ ತಿಂಗಳಿಂದ ಕಾರ್ಖಾನೆಯ ತರಬೇತಿ ಶಾಲೆಯಲ್ಲಿ ಪಾಠ ಹೇಳಲು ಅವರು ಒಪ್ಪಿಕೊಂಡಿದ್ದಾರೆ, ಆ ಕೆಲಸ ಬಹುಕಾಲ ನಡೆಯಲಿ. ಮೊದಲ ದಿನದ ಪಾಠಕ್ಕೆ ಆ ತಪ್ಪು ಪಟ್ಟಿಯನ್ನೇ ತೆಗೆದುಕೊಂಡು ಹೋಗುತ್ತಾರಂತೆ.