ಗೋವಾ ನೋಡಿ ಬಂದ ಜೋಳ

ಆಗೆಲ್ಲ ಸಂಕ್ರಾಂತಿ ಮುಗಿಯಿತೆಂದರೆ ನಮ್ಮೂರಿನ ಮಾತೆಲ್ಲ ಗೋವಾದ ಕಡೆಗೇ ತಿರುಗುತ್ತಿತ್ತು. ಶೇಂಗಾ ಕಿತ್ತಾಗಿರುತ್ತಿತ್ತು, ಜೋಳ ಒಕ್ಕಿ ಸೊಪ್ಪೆಯ ಬಣವೆ ಒಟ್ಟಿರುತ್ತಿದ್ದರು. ಇನ್ನು ಮುಂಗಾರಿನವರೆಗೆ ಹೊಲಕ್ಕೂ ಬಿಡುವು, ಕೈಗೂ ಬಿಡುವು. ಆ ದಿನಗಳಲ್ಲಿ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ನೆನಪಿದ್ದೀತು: ತಲೆಯ ಮೇಲೆ ಹಾಸಿಗೆಯ ಸುರುಳಿ, ಕೈಯಲ್ಲಿ ಒಣಗಿಸಿದ ಕಟಿ ರೊಟ್ಟಿಯ ಗಂಟು, ಕಂಕುಳಲ್ಲಿ ಕೂಸು. ಎಲ್ಲಿಗೆ ಹೊರಟಿದ್ದೀರಿ ಎಂದು ಯಾರೂ ಕೇಳುತ್ತಿರಲಿಲ್ಲ. "ಯಾವ ಮೇಸ್ತ್ರಿ ಕೂಡ ಹೊಂಟೀರಿ?" ಎಂದಷ್ಟೇ ಕೇಳುತ್ತಿದ್ದರು.

ನಮ್ಮದು ಹೊಸಹಳ್ಳಿಯ ಮಗ್ಗುಲಿನ ಒಂದು ಹಳ್ಳಿ. ಅಪ್ಪ, ಅವ್ವ ವರ್ಷವೂ ಹೋಗುತ್ತಿದ್ದರು. ನಾನೂ ತಮ್ಮನೂ ಅಜ್ಜಿಯ ಹತ್ತಿರ ಉಳಿಯುತ್ತಿದ್ದೆವು. ಮೂರನೇ ಕ್ಲಾಸಿನಲ್ಲಿದ್ದ ವರ್ಷ ನನಗೆ ಸಮುದ್ರದ ಹುಚ್ಚು ಹಿಡಿಯಿತು. ಹಿಂದಿನ ವರ್ಷ ಹೋಗಿಬಂದಿದ್ದ ಗೆಳತಿ ಒಬ್ಬಳು, "ಅದು ಉಸಿರಾಡ್ತೈತಿ, ನಾ ಕೇಳೀನಿ" ಎಂದಿದ್ದಳು. ಅಷ್ಟು ಸಾಕಾಯಿತು. ಮೂರು ದಿನ ಊಟ ಬಿಟ್ಟು ಕೂತೆ. ಊಟ ಬಿಟ್ಟದ್ದು ಎಲ್ಲರ ಎದುರಿಗೆ ಮಾತ್ರ. ಅಜ್ಜಿ ಸೆರಗಿನ ಮರೆಯಲ್ಲಿ ಬೆಲ್ಲ, ಶೇಂಗಾ ಕೊಡುತ್ತಿದ್ದಳು. ನಾಲ್ಕನೆಯ ದಿನ ಅಪ್ಪ, "ಕರಕೊಂಡು ಹೋಗಾಣ ಬಿಡು, ಇಲ್ಲಾಂದ್ರ ನಮ್ಮವ್ವನ ಬೆಲ್ಲದ ಡಬ್ಬಿ ಬರಿದಾಗತೈತಿ" ಎಂದ.

ಹೊರಡುವ ಮುಂಜಾನೆ ಅಜ್ಜಿ ಅವ್ವನ ಉಡಿ ತುಂಬಿದಳು. ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಿದ್ದ ಬೀಜದ ಜೋಳವನ್ನು ತೂರಿ, ಅರಿಶಿನ ಹಚ್ಚಿ, ಐದು ಬೊಗಸೆ ಹಾಕಿದಳು. ಮನೆಯ ಹೆಣ್ಣುಮಗಳು ದೂರ ಹೊರಟಾಗ ಬರಿ ಉಡಿಯಲ್ಲಿ ಕಳಿಸಬಾರದೆಂಬುದು ನಮ್ಮಲ್ಲಿಯ ಪದ್ಧತಿ. ಹಾಕಿ ಮುಗಿಸಿ, "ಹನುಮಕ್ಕ, ಇದನ್ನ ಅಲ್ಲಿ ಇಲ್ಲಿ ಚೆಲ್ಲಬ್ಯಾಡ. ಮಳಿಗಾಲಕ್ಕ ನೀನೂ ಮನಿಗಿ ಬರಬೇಕು, ಇದೂ ಬರಬೇಕು" ಎಂದಳು. ಅವ್ವ ಹೂಂ ಎಂದು ಗಂಟು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊಸಪೇಟೆಯಲ್ಲಿ ರೈಲು ಹತ್ತಿ, ಘಟ್ಟ ಇಳಿದು, ಮರುದಿನ ಸಂಜೆ ನಾನು ಸಮುದ್ರ ನೋಡಿದೆ. ಇವತ್ತಿಗೂ ಅದನ್ನು ಹೇಳಲು ಹೋದರೆ ನನ್ನ ನಾಲಿಗೆ ತಡವರಿಸುತ್ತದೆ. ನಾನು ಕಂಡ ದೊಡ್ಡ ನೀರೆಂದರೆ ಊರ ಕೆರೆ. ಅದು ತುಂಬಿದ್ದನ್ನು ಒಂದೇ ಸಲ ನೋಡಿದ್ದೆ. ಆಗ ಇಡೀ ಊರು ಕೋಡಿ ಬೀಳುವುದನ್ನು ನೋಡಲು ಹೋಗಿತ್ತು. ಇಲ್ಲಿ ಕಣ್ಣು ಹೋದಷ್ಟೂ ನೀರು, ಏರಿಯೇ ಇಲ್ಲ. ಅಪ್ಪನ ಅಂಗಿ ಹಿಡಿದು, "ಅಪ್ಪಾ, ಈ ಕೆರಿಗೆ ಕೋಡಿ ಎಲ್ಲೈತಿ?" ಎಂದು ಕೇಳಿದೆ.

ಅಪ್ಪ ಬಹಳ ಹೊತ್ತು ನೋಡಿದ. "ಕೋಡಿ ಬಿದ್ದದ್ದ ನಾವು ನಿಂತ ಜಾಗ ಇರಬೇಕು" ಎಂದ. ಅವ್ವ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಗೆಳತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಉಸಿರಾಡುತ್ತಿತ್ತು.

ಕೆಲಸ ಇದ್ದದ್ದು ದಂಡೆಯ ಮೇಲೆ ಏಳುತ್ತಿದ್ದ ಒಂದು ದೊಡ್ಡ ಹೋಟೆಲಿನಲ್ಲಿ. ನಮ್ಮ ಮೇಸ್ತ್ರಿ ಕೊಟ್ಟೂರಿನ ಕೊಟ್ರೇಶಣ್ಣ. ಅವನ ಹಿಂದೆ ಕೂಡ್ಲಿಗಿ, ಹಡಗಲಿ ಕಡೆಯ ಮೂವತ್ತು ಮಂದಿ. ತೆಂಗಿನ ಗಿಡಗಳ ನಡುವೆ ತಗಡಿನ ಶೆಡ್ಡುಗಳು. ಆ ಜಾಗ ಮರಿಯಾ ಬಾಯಿ ಎಂಬ ಮುದುಕಿಯದು. ಅವಳ ಒಬ್ಬ ಮಗ ಹಡಗಿನಲ್ಲಿ, ಇನ್ನೊಬ್ಬ ಅರಬರ ದೇಶದಲ್ಲಿ, ಮಗಳು ಅದಕ್ಕೂ ಆಚೆ ಎಲ್ಲೋ. ಮನೆಯ ಮುಂಭಾಗವನ್ನು ಪ್ರವಾಸಕ್ಕೆ ಬಂದವರಿಗೆ ಬಾಡಿಗೆಗೆ ಬಿಟ್ಟಿದ್ದಳು. ಹಿಂದಿದ್ದ ಗದ್ದೆ ಉಳುವವರಿಲ್ಲದೆ ಹುಲ್ಲು ಬೆಳೆದಿತ್ತು. ಆ ಓಣಿಯಲ್ಲಿ ಹೆಚ್ಚಿನ ಮನೆಗಳ ಕಥೆ ಇದೇ. ಸಂತೆಗೆ ಹೋದರೆ ಮಾತ್ರ ನಮ್ಮ ಮಾತೇ ಮಾತು. ತರಕಾರಿಯವಳು ಇಟ್ಟಿಗಿ ಊರಿನವಳು, ಚೌರದವನು ಹರಪನಹಳ್ಳಿಯವನು, ಮೀನಿನ ಬುಟ್ಟಿ ಹೊರುವವನೂ ನಮ್ಮವನೇ. ಒಂದು ಊರು ಖಾಲಿಯಾಗುತ್ತ, ಅದರೊಳಗೇ ಇನ್ನೊಂದು ಊರು ತುಂಬಿಕೊಳ್ಳುವುದನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಹಾಗೆಂದು ಆಗ ಗೊತ್ತಿರಲಿಲ್ಲ. ಸಂತೆಯಲ್ಲಿ ಎಲ್ಲರೂ ನನ್ನನ್ನು "ಯಾರ ಮಗಳಬೇ ನೀನು?" ಎಂದು ಕೇಳುತ್ತಾರಲ್ಲ, ಇದು ಗೋವಾ ಹೌದೋ ಅಲ್ಲವೋ ಎಂಬುದಷ್ಟೇ ನನ್ನ ಅನುಮಾನ.

ನಮ್ಮವರಿಂದಲೇ ಒಂದಿಷ್ಟು ಕನ್ನಡ ಕಲಿತಿದ್ದ ಮರಿಯಾ ಬಾಯಿ ಅವ್ವ ರೊಟ್ಟಿ ತಟ್ಟುವಾಗ ಎದುರಿಗೆ ಬಂದು ಕೂರುತ್ತಿದ್ದಳು. ಒಂದು ದಿನ ಕೇಳಿದಳು: "ನಮ್ದು ಹುಡುಗ್ರು ಹಡಗಿಗೆ. ನಿಮ್ದು ಮಂದಿ ನಮ್ದು ಊರಿಗೆ. ನಿಮ್ದು ಊರಿಗೆ ಯಾರು ಬರ್ತಾರೆ?"

ಅವ್ವ ರೊಟ್ಟಿ ತಿರುವಿಹಾಕಿ, "ನಮ್ಮೂರಿಗೆ ನಾವ ಹೋಗ್ತೀವಿ ಬಾಯಿ. ಮಳಿ ಬಂತಂದ್ರ ಒಬ್ರೂ ಇಲ್ಲಿರಂಗಿಲ್ಲ" ಎಂದಳು.

ಹಗಲಿಡೀ ನನ್ನದು ದಂಡೆಯ ಮೇಲೆ ಆಟ. ಕಲ್ಲಿನ ಬದಲು ಕಪ್ಪೆಚಿಪ್ಪಿನಲ್ಲಿ ಐದುಕಲ್ಲಾಟ, ಏಡಿಯ ತೂತಿಗೆ ಕಡ್ಡಿ ಹಾಕುವುದು, ಚಿಪ್ಪನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬುವುದು. ಒಣಮೀನಿನ ವಾಸನೆಗೆ ಮೊದಲ ವಾರ ಮೂಗು ಮುಚ್ಚಿಕೊಂಡಿದ್ದ ಅವ್ವನೂ ಆಮೇಲೆ ಮರೆತಳು. ಆದರೆ ಬೇಸಿಗೆ ಇಳಿಯುತ್ತಿದ್ದಂತೆ ಅವಳಿಗೆ ನಿದ್ದೆ ಹತ್ತದಾಯಿತು. ಭರಣಿ ಮಳೆ ಹೋಯಿತು, ಕೃತ್ತಿಕೆ ಹೋಯಿತು ಎಂದು ಬೆರಳು ಮಡಿಚುತ್ತಿದ್ದಳು. ಕೆಲಸ ಮುಗಿದಿರಲಿಲ್ಲ. ಹೋಟೆಲಿನ ಮುಂದೆ ಹುಲ್ಲುಹಾಸು ಮಾಡಬೇಕೆಂದು ಮರಳಿನ ಮೇಲೆ ಟಿಪ್ಪರುಗಟ್ಟಲೆ ಕೆಂಪು ಮಣ್ಣು ತಂದು ಸುರಿದಿದ್ದರು. ಅದನ್ನು ಮಟ್ಟ ಮಾಡಿ, ಎಂಜಿನಿಯರ್ ಬಂದು ನೋಡಿ ಒಪ್ಪಿದರೆ ನಾವು ಊರಿಗೆ ಹೋಗಬಹುದು ಎಂದು ಕೊಟ್ರೇಶಣ್ಣ ಹೇಳಿದ್ದ. ಹೆಣ್ಣುಮಕ್ಕಳೆಲ್ಲ ಸೇರಿ ಹೆಂಟೆ ಒಡೆದು, ಮಣ್ಣು ಹರವಿ, ಎಂಟು ದಿನದಲ್ಲಿ ಹದ ಮಾಡಿದರು.

ಅಷ್ಟರಲ್ಲಿ ರೋಹಿಣಿ ಕೂಡಿತು. ಒಂದು ಮಧ್ಯಾಹ್ನ ಗುಡುಗಿ ಒಂದು ಹದದ ಮಳೆ ಸುರಿದು ನಿಂತಿತು. ನಿಂತೊಡನೆ ಆ ಮಣ್ಣಿನಿಂದ ವಾಸನೆ ಎದ್ದಿತು. ಸಮುದ್ರದ ಉಪ್ಪು, ಮೀನು, ಸಿಮೆಂಟು ಎಲ್ಲವನ್ನೂ ಹಿಂದೆ ಹಾಕಿ ನಮ್ಮ ಹೊಲದ್ದೇ ವಾಸನೆ. ಶೆಡ್ಡಿನ ಬಾಗಿಲಲ್ಲಿ ನಿಂತ ಅವ್ವ, "ರೋಹಿಣಿ ಮಳಿ ಹೊಯ್ದ್ರ ಓಣಿಯೆಲ್ಲ ಜೋಳ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಒಳಗೆ ಹೋಗಿ ಉಡಿಯ ಗಂಟು ತಂದಳು. "ಬಾ" ಎಂದಳು. ನಾನು ಹಿಂದೆ ಹೋದೆ.

ಅವಳಿಗೆ ಗೊತ್ತಿರಲಿಲ್ಲವೇ, ಅದು ಹೋಟೆಲಿನ ಅಂಗಳವೆಂದು? ಗೊತ್ತಿತ್ತು. ಆದರೆ ಹದವಾದ ಮಣ್ಣು, ಹದವಾದ ಮಳೆ, ಉಡಿಯಲ್ಲಿ ಬೀಜ. ಇವು ಮೂರೂ ಒಟ್ಟಿಗಿದ್ದಾಗ ಕೈ ಕಟ್ಟಿ ನಿಲ್ಲುವುದು ನಮ್ಮ ಕಡೆಯವರಿಗೆ ಬರುವುದಿಲ್ಲ. ಅವಳು ಸಲಿಕೆಯ ಕಾವಿನ ತುದಿಯಿಂದ ಗೆರೆ ಎಳೆಯುತ್ತ ಮುಂದೆ ನಡೆದಳು, ನಾನು ಹಿಂದೆ ಕಾಳು ಬಿಡುತ್ತ ಬಂದೆ. ಗೇಣಿಗೊಂದು ಸಾಲು, ದಾರ ಹಿಡಿದಂತೆ ನೇರ. ಕೊನೆಯ ಸಾಲಿನಲ್ಲಿ "ಮುಗದ್ವಾ?" ಎಂದು ಕೇಳಿದಳು. "ಹೂಂ" ಎಂದೆ. ಅದು ಸುಳ್ಳು. ಒಂದು ಹಿಡಿ ಜೋಳವನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟು ದೊಡ್ಡ ನೀರಿನ ದಂಡೆಯಲ್ಲಿ ಬಿತ್ತಿದರೆ ಮಳೆಯ ಹಂಗೇ ಇಲ್ಲವಲ್ಲ ಎಂಬುದು ನನ್ನ ಲೆಕ್ಕ. ಮರುದಿನ ನಾಲ್ಕು ಕಾಳು ಮರಳಲ್ಲಿ ಊರಿದೆ. ತೆರೆ ಬಂದು ಒಯ್ದಿತು. ಉಳಿದದ್ದನ್ನು ಚಿಪ್ಪಿನ ಡಬ್ಬಿಯಲ್ಲಿ ಬಚ್ಚಿಟ್ಟೆ.

ಐದನೆಯ ದಿನಕ್ಕೆ ಜೋಳ ಹುಟ್ಟಿತು. ಹಿಂದೆ ಸಮುದ್ರ, ಮುಂದೆ ಬಿಳಿ ಕಂಬಗಳ ಹೋಟೆಲು, ನಡುವೆ ಹಸಿರು ಸಾಲು. ನಾನು ಓಡಿಹೋಗಿ ನೋಡಿ ದಂಗಾಗಿ ನಿಂತೆ. ನನ್ನ ಕೈಯಿಂದ ಬಿದ್ದ ಕಾಳು ಅವು. ಕೆಲಸಕ್ಕೆ ಬಂದವರೆಲ್ಲ ಒಬ್ಬೊಬ್ಬರಾಗಿ ಬಂದು ನಿಂತರು. ಕೊಟ್ರೇಶಣ್ಣ ಬಂದವನೇ ಸಾಲಿನ ನಡುವೆ ಗೇಣು ಹಾಕಿ ಅಳೆದ.

"ಹಕ್ಕಿ ಹಾಕಿದ್ದಲ್ಲ, ಗಾಳಿ ತಂದದ್ದಲ್ಲ. ಇದು ನಮ್ಮ ಕಡೆಯವ್ರ ಕೈ. ಯಾರು?" ಎಂದ. ಎಲ್ಲರ ಮುಖ ನೋಡುತ್ತ ಮುಂದುವರಿಸಿದ: "ಸೋಮವಾರ ಎಂಜಿನಿಯರ್ ಬರ್ತಾನ. ಇದನ್ನ ನೋಡಿದ್ರ ಮುಂದ ಬ್ಯಾರೆ ಮೇಸ್ತ್ರಿ, ಬ್ಯಾರೆ ಆಳು. ಮೂವತ್ತು ಮಂದಿ ಹೊಟ್ಟಿ ಮ್ಯಾಲ ಬಿತ್ತೀರಿ ನೀವು."

ಅವ್ವ ಮುಂದೆ ಬಂದಳು. "ನಾ ಬಿತ್ತೀನಣ್ಣ. ಮಳಿ ಆತು, ಕೈ ತಡೀಲಿಲ್ಲ. ನಾನ ಕೀಳ್ತೀನಿ."

ಅವಳು ಕುಕ್ಕರುಗಾಲಲ್ಲಿ ಕೂತಳು. ಎಲ್ಲರೂ ನೋಡುತ್ತಿದ್ದರು. ಅವಳ ಕೈ ಸಾಲಿನೊಳಗೆ ಹೋಯಿತು, ಒಂದು ಎಳೆಯನ್ನು ಕಿತ್ತಿತು, ಪಕ್ಕಕ್ಕೆ ಹಾಕಿತು, ಇನ್ನೊಂದು ಕಿತ್ತಿತು. ನೋಡಿದರೆ ಅವಳು ಕೀಳುತ್ತಿದ್ದದ್ದು ಜೋಳವನ್ನಲ್ಲ, ನಡುವೆ ಹುಟ್ಟಿದ್ದ ಕಳೆಯನ್ನು. ತಾನೇನು ಮಾಡುತ್ತಿದ್ದೇನೆಂಬುದು ಅವಳಿಗೇ ತಿಳಿದಿರಲಿಲ್ಲ.

"ಕೀಳು ಅಂದ್ರ ಕಳಿ ತೆಗ್ಯಾಕತ್ಯಾಳ ನೋಡ್ರಪ್ಪ" ಎಂದ ಅಪ್ಪ. ಮಂದಿ ನಕ್ಕಿತು. ಕೊಟ್ರೇಶಣ್ಣ ಸಿಟ್ಟಿನಿಂದ ತಾನೇ ಬಗ್ಗಿ ಒಂದು ಸಸಿ ಹಿಡಿದ. ಹಿಡಿದವನು ಎಳೆಯಲಿಲ್ಲ. ಅವನೂ ಕೊಟ್ಟೂರಿನಲ್ಲಿ ಹೊಲ ಇದ್ದವನೇ. ಕೈ ಬಿಟ್ಟು ಎದ್ದು, ಸಮುದ್ರದ ಕಡೆ ಮುಖ ಮಾಡಿ, "ಸೋಮವಾರ ಮುಂಜಾನೆ ಇದು ಇಲ್ಲಿರಬಾರದು. ಅಲ್ಲೀತನಕ ನಾ ಏನೂ ನೋಡಿಲ್ಲ" ಎಂದು ಹೊರಟುಹೋದ.

ಸೋಮವಾರದವರೆಗೆ ಕಾಯಬೇಕಾಗಲಿಲ್ಲ. ಶನಿವಾರ ಬೆಳಿಗ್ಗೆ ಸಮುದ್ರದ ಮೇಲೆ ಕರಿಯ ಗೋಡೆಯೊಂದು ಎದ್ದು ನಮ್ಮ ಕಡೆಗೆ ನಡೆದುಬಂತು. ಮಳೆ ಎಂಬ ಮಾತಿಗೆ ನಾನು ಅದುವರೆಗೆ ತಿಳಿದಿದ್ದ ಅರ್ಥ ಅಂದು ಮುಗಿಯಿತು. ನಮ್ಮಲ್ಲಿ ಮಳೆ ನೆಂಟರ ಹಾಗೆ. ಬರುತ್ತದೆ, ಕೂರುತ್ತದೆ, ಹೊರಡುತ್ತದೆ. ಇದು ನಿಲ್ಲಲೇ ಇಲ್ಲ. ತಗಡಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಆಕಾಶ ಯಾವುದು, ಸಮುದ್ರ ಯಾವುದು ತಿಳಿಯದು. ನಾನು ಅಪ್ಪನ ತೊಡೆಯ ಮೇಲೆ ಕೂತು, ಹೆದರಿಕೆಯೋ ಭಕ್ತಿಯೋ ಗೊತ್ತಾಗದೆ, ಬಾಯಿ ತೆರೆದು ನೋಡುತ್ತಿದ್ದೆ. ಮರಿಯಾ ಬಾಯಿ ಗೋಣಿಚೀಲ ಹೊದ್ದು ಬಂದು ಹೇಳಿದಳು: "ನಾಕು ತಿಂಗಳು ಹೀಗೇ. ನಿಂದು ಜೋಳ ನಿಲ್ಲೋದಿಲ್ಲ ಹನುಮಾ."

ಭಾನುವಾರ ಹೊರಗೆ ಹೋದಾಗ ಸಾಲುಗಳಿರಲಿಲ್ಲ. ಮೊಣಕಾಲಿನವರೆಗೆ ಕೆಂಪು ನೀರು, ಅದರ ಮೇಲೆ ಬುಡ ಮೇಲಾದ ಸಸಿಗಳು. ಸೋಮವಾರ ಬಂದ ಎಂಜಿನಿಯರ್ ಮಳೆಯನ್ನು ಬೈದು, ಮಳೆಗಾಲ ಮುಗಿದ ಮೇಲೆ ಹೊಸ ಮಣ್ಣು ತರಿಸಬೇಕೆಂದು ಹೇಳಿಹೋದ. ಮೂವತ್ತು ಮಂದಿಗೂ ಮುಂದಿನ ಕೆಲಸ ಉಳಿಯಿತು. ಎಲ್ಲರಿಗೂ ಹಗುರಾಯಿತು, ಅವ್ವನೊಬ್ಬಳ ಹೊರತು.

"ಮಳಿ ಬಾರದ ಬೆಳಿ ಹೋದದ್ದು ನೋಡೀನಿ. ಮಳಿ ಬಂದು ಹೋದದ್ದು ನೋಡಿದ್ದಿಲ್ಲ" ಎಂದಳು. ಆಮೇಲೆ ಬರಿದಾದ ಬಟ್ಟೆಯ ಗಂಟನ್ನು ಕೈಯಲ್ಲಿ ಹಿಡಿದು, "ಅತ್ತೆವ್ವಗ ಏನಂತ ಹೇಳ್ಲಿ? ಬರಿ ಉಡೀಲೆ ಹೆಂಗ ಮನಿ ಮೆಟ್ಲಿ?" ಎಂದು ಅತ್ತಳು. ಅವ್ವ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಡಬ್ಬಿ ತಂದು ಅವಳ ಮುಂದೆ ಸುರಿದೆ. ಚಿಪ್ಪುಗಳ ನಡುವೆ ಜೋಳ, ಇನ್ನೂ ಅರಿಶಿನದ ಬಣ್ಣ ಹೋಗಿರಲಿಲ್ಲ. ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಅದೇ ಕೈಯಿಂದ ಎಳೆದು ಅಪ್ಪಿಕೊಂಡಳು. ಒಂದೊಂದು ಕಾಳನ್ನೂ ಆರಿಸಿ ಗಂಟು ಕಟ್ಟಿದಳು.

ರೋಹಿಣಿ ಮುಗಿದು ಮಿರಗದ ಮಳೆ ಕೂಡಿದಾಗ ನಾವು ಊರು ಮುಟ್ಟಿದೆವು. ಅಜ್ಜಿ ಗಂಟು ಬಿಚ್ಚಿ ನೋಡಿ, ಐದು ಬೊಗಸೆ ಒಂದು ಹಿಡಿ ಯಾಕಾಯಿತು ಎಂದು ಕೇಳಲಿಲ್ಲ. ಅಪ್ಪನೇ ಎಲ್ಲ ಹೇಳಿ ನಗಿಸಿದ. ಆ ಕಾಳನ್ನು ಬೀಜದೊಳಗೆ ಬೆರೆಸದೆ ಬದುವಿನ ಪಕ್ಕದ ಒಂದು ಸಾಲಿಗೆ ಬೇರೆಯಾಗಿ ಹಾಕಿದರು. "ಗೋವಾ ನೋಡಿ ಬಂದ ಜೋಳ" ಎಂದು ಅಜ್ಜಿ ಅದಕ್ಕೆ ಹೆಸರಿಟ್ಟಳು. ಆ ವರ್ಷ ಆಳೆತ್ತರ ಬೆಳೆಯಿತು. ಮುಂದೆ ಎಷ್ಟೋ ವರ್ಷ ನಮ್ಮ ಗಡಿಗೆಯ ಬೀಜ ಅದರದ್ದೇ ಆಗಿತ್ತು.

ನಾನೀಗ ಹಗರಿಬೊಮ್ಮನಹಳ್ಳಿಯ ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಬೆಂಚಿನಲ್ಲಿ ಇಲ್ಲದ ಮಕ್ಕಳು ಎಲ್ಲಿದ್ದಾರೆಂದು ನನಗೆ ಯಾರೂ ಹೇಳಬೇಕಿಲ್ಲ. ಹೋದ ವರ್ಷ ಸಹೋದ್ಯೋಗಿಗಳ ಜೊತೆ ಪ್ರವಾಸಕ್ಕೆಂದು ಆ ದಂಡೆಗೆ ಹೋಗಿದ್ದೆ. ಆ ಒಂದು ಹೋಟೆಲಿನ ಅಕ್ಕಪಕ್ಕ ಈಗ ಸಾಲು ಹೋಟೆಲುಗಳು. ಮರಿಯಾ ಬಾಯಿಯ ಗದ್ದೆ ಕಾರು ನಿಲ್ಲಿಸುವ ಜಾಗವಾಗಿದೆ. ಗೇಟಿನಲ್ಲಿ ತಡೆದ ಕಾವಲುಗಾರ ಹಡಗಲಿಯವನು. "ಮಳಿಗಾಲಕ್ಕ ಊರಿಗೆ ಹೋಗ್ತೀಯೇನಪ್ಪ?" ಎಂದು ಕೇಳಿದೆ. "ಮಳಿಗಾಲದಾಗೂ ಗಿರಾಕಿ ಬರ್ತಾರ್ರಿ ಈಗ. ಊರಾಗ ಏನೈತ್ರಿ?" ಎಂದ. ಗೇಟಿನಾಚೆ ಹುಲ್ಲುಹಾಸು ಕಂಡಿತು. ಬಹಳ ಚೆಂದವಾಗಿತ್ತು.

ನನ್ನ ತಮ್ಮನೂ ಅಲ್ಲೇ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಈ ಸಂಕ್ರಾಂತಿಯ ಮರುದಿನ ಅವನ ಹೆಂಡತಿ ಲಕ್ಷ್ಮಿ ಕೂಸು ಕಟ್ಟಿಕೊಂಡು ಅವನಲ್ಲಿಗೆ ಹೊರಟಳು. ಅವಳ ಉಡಿ ತುಂಬಲು ಅವ್ವ ಮನೆಯೆಲ್ಲ ಹುಡುಕಿದಳು. ನಮ್ಮ ಹೊಲವನ್ನು ಲಾವಣಿಯ ಗುತ್ತಿಗೆಗೆ ಹಿಡಿದವರು ಈಗ ಹಾಕುವುದು ಮೆಕ್ಕೆಜೋಳ, ಅದೂ ಅಂಗಡಿಯ ಚೀಲದ ಬೀಜ. ಅಜ್ಜಿಯ ಗಡಿಗೆ ಯಾವಾಗಲೋ ಒಡೆದಿತ್ತು. ಕೊನೆಗೆ ರೇಷನ್ ಅಕ್ಕಿಗೆ ಅರಿಶಿನ ಹಚ್ಚಿ ಐದು ಬೊಗಸೆ ಹಾಕಿದಳು. ನೀನೂ ಬರಬೇಕು, ಇದೂ ಬರಬೇಕು ಎಂದು ಅಜ್ಜಿ ಹೇಳುತ್ತಿದ್ದ ಮಾತನ್ನು ಈಗ ಅವ್ವ ಹೇಳುತ್ತಾಳೆಂದು ನಾನು ಕಾದೆ. ಅವಳು ಲಕ್ಷ್ಮಿಯ ಸೆರಗಿನ ಗಂಟನ್ನು ಬಿಗಿದು, ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು.

"ಹಸಿವಾದಾಗ ಉಂಡುಬಿಡವ್ವ" ಎಂದಳು. "ಇದು ಬಿತ್ತಿದ್ರ ಹುಟ್ಟಂಗಿಲ್ಲ."